ಲೇತ್ ಮುಂದೆ ಮೊದಲ ಸಲ ನಿಲ್ಲೋರಿಗೆ ಒಂದಿಷ್ಟು ಕಿವಿಮಾತು

ಲೇತ್, ಅಂದ್ರೆ ಲೋಹದ ತುಂಡನ್ನ ತಿರುಗಿಸಿ ಟೂಲ್‌ನಿಂದ ಕೆತ್ತೋ ಮಷಿನ್, ಕಲೀಬೇಕು ಅಂತ ಬರೋರಲ್ಲಿ ಹೆಚ್ಚಿನವ್ರು ಮೊದ್ಲು ಕೇಳೋದು ಎಷ್ಟು ಸ್ಪೀಡ್ ಇಡ್ಬೇಕು, ಎಷ್ಟು ಫೀಡ್ (ಒಂದು ಸುತ್ತಿಗೆ ಟೂಲ್ ಎಷ್ಟು ಸರಿಯತ್ತೆ ಅನ್ನೋದು) ಕೊಡ್ಬೇಕು, ಒಂದು ಸಲಕ್ಕೆ ಎಷ್ಟು ಕಟ್ ತಗೋಬೋದು ಅಂತ. ಅದೆಲ್ಲ ಬೇಕೇ ಬೇಕು, ಆದ್ರೆ ಅದು ಎರಡನೇ ಮಾತು. ಫಿನಿಶ್ ಸರಿ ಬರ್ತಿಲ್ಲ, ಟೂಲ್ ಕಿರುಚ್ತಿದೆ, ಅಳತೆ ಕೈಗೆ ಸಿಗ್ತಿಲ್ಲ ಅಂತ ಯಾರಾದ್ರೂ ಹೇಳಿದ್ರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು ಇರತ್ತೆ: ಎಲ್ಲೋ ಏನೋ ಅಲ್ಲಾಡ್ತಿದೆ, ಇಲ್ಲ ಟೂಲ್ ತುದಿ ಸೆಂಟರ್ (ತಿರುಗೋ ತುಂಡಿನ ನಡು) ಎತ್ತರದಲ್ಲಿ ಇಲ್ಲ, ಇಲ್ಲ ಟೂಲ್ ಮೊಂಡಾಗಿದೆ. ಈ ಮೂರು ಸರಿ ಇದ್ರೆ ಸ್ಪೀಡ್ ಸ್ವಲ್ಪ ಆಚೀಚೆ ಆದ್ರೂ ಮಷಿನ್ ಸಹಿಸ್ಕೊಳ್ಳತ್ತೆ. ಇದು ಸರಿ ಇಲ್ದೆ ಇದ್ರೆ ಯಾವ ಚಾರ್ಟ್ ನೋಡಿ ಸ್ಪೀಡ್ ಇಟ್ರೂ ಪ್ರಯೋಜನ ಇಲ್ಲ. ಹಾಗಾಗಿ ನಾನು ಹೇಳೋದ್ರಲ್ಲಿ ಜಾಸ್ತಿ ಪಾಲು ಇದೇ ಇರತ್ತೆ.

ಮೊದ್ಲು ಕೈ ಕಾಲು ಉಳಿಸ್ಕೊಳ್ಳೋ ವಿಷ್ಯ. ಚಕ್ (ತುಂಡನ್ನ ಕಚ್ಚಿ ಹಿಡಿದು ತಿರುಗೋ ಭಾಗ) ಬಿಗಿ ಮಾಡೋ ಚಕ್ ಕೀ ಚಕ್‌ನಲ್ಲಿ ಇದೆ ಅಂದ್ರೆ ಅದರ ಮೇಲೆ ನಿಮ್ಮ ಕೈ ಇರ್ಬೇಕು, ಕೈ ತೆಗೆದ್ರೆ ಕೀನೂ ಹೊರಗೆ ಬರ್ಬೇಕು. "ಒಂದು ನಿಮಿಷ, ಟೂಲ್ ತಂದ್ಬಿಡ್ತೀನಿ" ಅಂತ ಕೀ ಅಲ್ಲೇ ಬಿಟ್ಟು ಹೋಗೋ ಅಭ್ಯಾಸ ಮೊದಲ ದಿನದಿಂದಲೇ ಬೇಡ, ಯಾಕಂದ್ರೆ ಕೀ ಇರೋವಾಗ ಸ್ಪಿಂಡಲ್ (ಚಕ್ ತಿರುಗಿಸೋ ದಂಡ) ತಿರುಗಿದ್ರೆ ಅದು ಎಲ್ಲಿಗೆ ಹಾರತ್ತೆ ಅಂತ ಯಾರಿಗೂ ಗೊತ್ತಿಲ್ಲ. ಗ್ಲೌಸ್ ಹಾಕ್ಬೇಡಿ. ಹೊಸಬರಿಗೆ ಇದು ಉಲ್ಟಾ ಅನ್ಸತ್ತೆ, ಕೈ ಕಾಪಾಡೋಕೆ ತಾನೇ ಗ್ಲೌಸು ಅಂತ ಕೇಳ್ತಾರೆ. ಆದ್ರೆ ತಿರುಗೋ ಜಾಬ್‌ಗೆ (ನಾವು ಕೆತ್ತೋ ತುಂಡಿಗೆ) ಬರಿ ಬೆರಳು ತಾಗಿದ್ರೆ ತರಚಿ ಬಿಡತ್ತೆ, ಅದೇ ಗ್ಲೌಸ್ ಸಿಕ್ಕಿದ್ರೆ ಬಟ್ಟೆ ಬಿಡಲ್ಲ, ಕೈಯನ್ನೇ ಒಳಗೆ ಎಳ್ಕೊಂಡ್ ಹೋಗತ್ತೆ. ಉಂಗುರ, ವಾಚು, ಉದ್ದ ತೋಳು, ಕುತ್ತಿಗೆಯಿಂದ ಜೋತಾಡೋ ಏನೇ ಇದ್ರೂ, ಬಿಟ್ಟ ಕೂದಲು, ಎಲ್ಲಕ್ಕೂ ಇದೇ ಲೆಕ್ಕ. ಕಣ್ಣಿಗೆ ಗಾಗಲ್ಸ್ ಬೇಕು, ಅದಕ್ಕೆ ವಿನಾಯಿತಿನೇ ಇಲ್ಲ. ಸುರುಳಿ ಸುರುಳಿಯಾಗಿ ಬರೋ ಚಿಪ್ಸ್ ನೋಡೋಕೆ ಚೆಂದ, ಕೈಲಿ ಹಿಡಿದು ಎಳೆದ್ರೆ ಬ್ಲೇಡ್ ತರ ಕುಯ್ಯತ್ತೆ. ಮಷಿನ್ ನಿಲ್ಸಿ ಕೊಕ್ಕೆಯಿಂದಲೋ ಬ್ರಷ್‌ನಿಂದಲೋ ತೆಗೀರಿ. ಇನ್ನೊಂದು, ಪಟ್ಟಿ ಎಮರಿ ಪೇಪರ್‌ನ ಬೆರಳಿಗೆ ಸುತ್ಕೊಂಡು ತಿರುಗೋ ಜಾಬ್ ಮೇಲೆ ಹಿಡೀಬಾರ್ದು. ಎರಡೂ ತುದಿ ಎರಡು ಕೈಲಿ ಇರ್ಲಿ, ಸಿಕ್ಕಿಕೊಂಡ್ರೆ ಕೈ ಬಿಟ್ಟುಬಿಡೋ ಹಾಗಿರ್ಲಿ.

ಮಷಿನ್ ಭಾಗಗಳ ಹೆಸರು ಒಂದರ್ಧ ಗಂಟೇಲಿ ಬಾಯಿಗೆ ಬರತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಎಡಗಡೆ ಹೆಡ್‌ಸ್ಟಾಕ್, ಅದರಲ್ಲಿ ಸ್ಪಿಂಡಲ್, ಸ್ಪಿಂಡಲ್‌ಗೆ ಚಕ್. ಕೆಳಗೆ ಉದ್ದಕ್ಕೆ ಬೆಡ್. ಬೆಡ್ ಮೇಲೆ ಎಡಬಲ ಓಡೋದು ಕ್ಯಾರೇಜ್, ಅದರ ಮೇಲೆ ಹಿಂದೆ ಮುಂದೆ ಹೋಗೋದು ಕ್ರಾಸ್ ಸ್ಲೈಡ್, ಅದರ ಮೇಲೆ ಬೇಕಾದ ಕೋನಕ್ಕೆ ತಿರುಗ್ಸೋಕೆ ಬರೋದು ಕಾಂಪೌಂಡ್, ಎಲ್ಲದರ ಮೇಲೆ ಟೂಲ್ ಪೋಸ್ಟ್. ಬಲಗಡೆ ಟೈಲ್‌ಸ್ಟಾಕ್. ಕರೆಂಟ್ ಹಾಕೋಕೆ ಮುಂಚೆ ಎಲ್ಲ ಹ್ಯಾಂಡಲ್‌ಗಳನ್ನೂ ಕೈಲಿ ತಿರುಗ್ಸಿ ನೋಡಿ, ಯಾವುದು ಯಾವ ಕಡೆ ಹೋಗತ್ತೆ ಅಂತ ಕೈಗೆ ಗೊತ್ತಾಗ್ಲಿ. ಗೇರ್ ಲಿವರ್ ಬದಲಾಯಿಸೋದು ಸ್ಪಿಂಡಲ್ ಪೂರ್ತಿ ನಿಂತ ಮೇಲೆ ಮಾತ್ರ, ಹಲ್ಲು ಕೂರದೇ ಇದ್ರೆ ಚಕ್‌ನ ಕೈಲಿ ಸ್ವಲ್ಪ ಅಲ್ಲಾಡ್ಸಿದ್ರೆ ಕೂತ್ಕೊಳ್ಳತ್ತೆ.

ಹಿಡಿಯೋದು

ಮೂರು ಜಾ (ಕಚ್ಚಿ ಹಿಡಿಯೋ ಹಲ್ಲು) ಇರೋ ಚಕ್‌ನಲ್ಲಿ ಒಂದು ಕೀ ತಿರುಗ್ಸಿದ್ರೆ ಮೂರೂ ಜಾ ಒಟ್ಟಿಗೆ ಬರತ್ತೆ, ಜಾಬ್ ತಾನಾಗೇ ಸೆಂಟರ್ ಆಗತ್ತೆ, ಆದ್ರೆ ಪಕ್ಕಾ ಸೆಂಟರ್ ಆಗಲ್ಲ. ಸಾಧಾರಣ ಚಕ್‌ನಲ್ಲಿ 0.05 ರಿಂದ 0.1 ಎಂಎಂ ಆಚೀಚೆ ಇರೋದು ಮಾಮೂಲು, ಹಳೇದಾದ್ರೆ ಇನ್ನೂ ಜಾಸ್ತಿ. ಇದನ್ನ ಕೇಳಿ ಚಕ್ ಬದಲಾಯಿಸೋಕೆ ಹೋಗ್ಬೇಡಿ. ಉಪಾಯ ಏನಂದ್ರೆ ಒಂದಕ್ಕೊಂದು ಸೆಂಟರ್ ಇರ್ಬೇಕಾದ ಮೇಲ್ಮೈಗಳನ್ನೆಲ್ಲ ಒಂದೇ ಹಿಡಿತದಲ್ಲಿ ಮುಗಿಸ್ಬಿಡೋದು. ಬಿಚ್ಚಿ ತಿರುಗ್ಸಿ ಇನ್ನೊಂದು ಕಡೆ ಹಿಡಿದ ತಕ್ಷಣ ಆ ಸೆಂಟರ್ ಹೋಯ್ತು ಅಂತಲೇ ಲೆಕ್ಕ. ತಿರುಗಿಸ್ಲೇಬೇಕು, ನಿಖರವೂ ಬೇಕು ಅಂದ್ರೆ ನಾಲ್ಕು ಜಾ ಚಕ್ ಹಾಕಿ ಡಯಲ್ ಗೇಜ್ (ಆಚೀಚೆ ಆಗೋದನ್ನ ಮುಳ್ಳಲ್ಲಿ ತೋರ್ಸೋ ಅಳತೆ ಸಾಧನ) ಇಟ್ಟು ಒಂದೊಂದೇ ಜಾ ಹೊಂದಿಸ್ಕೋಬೇಕು. ಅದು ಮೊದಮೊದಲು ತಾಳ್ಮೆ ಪರೀಕ್ಷೆ ಮಾಡತ್ತೆ, ಎದುರುಬದುರು ಇರೋ ಜೋಡಿನ ಮೊದ್ಲು ಸರಿ ಮಾಡಿ ಆಮೇಲೆ ಇನ್ನೊಂದು ಜೋಡಿಗೆ ಹೋದ್ರೆ ಬೇಗ ಆಗತ್ತೆ.

ಜಾಬ್ ಚಕ್‌ನಿಂದ ಎಷ್ಟು ಹೊರಗೆ ಇರ್ಬೇಕು? ಎಷ್ಟು ಕಮ್ಮಿ ಆಗತ್ತೋ ಅಷ್ಟು. ಡಯಾದ (ವ್ಯಾಸದ) ಮೂರು ಪಟ್ಟು ತನಕ ಹಾಗೇ ನಡ್ಯತ್ತೆ, ಅದಕ್ಕಿಂತ ಜಾಸ್ತಿ ಆದ್ರೆ ತುದಿಗೆ ಸೆಂಟರ್ ಡ್ರಿಲ್‌ನಲ್ಲಿ ಸಣ್ಣ ಗುಳಿ ಹಾಕಿ ಟೈಲ್‌ಸ್ಟಾಕ್ ಸೆಂಟರ್ (ಚೂಪು ಮೊನೆ) ಆಸರೆ ಕೊಡಿ. 10 ಎಂಎಂ ರಾಡ್ 100 ಎಂಎಂ ಹೊರಗೆ ಬಿಟ್ಟು ಟರ್ನ್ ಮಾಡೋಕೆ (ಮೈ ಕೆತ್ತಿ ಸಣ್ಣ ಮಾಡೋಕೆ) ಹೋದ್ರೆ ರಾಡ್ ಟೂಲ್‌ಗೆ ಹೆದರಿ ಹಿಂದೆ ಬಾಗತ್ತೆ, ತುದಿ ದಪ್ಪ ಬುಡ ಸಣ್ಣ ಆಗಿ ಬರತ್ತೆ, ಇನ್ನೂ ಜೋರು ಕಟ್ ಕೊಟ್ರೆ ಟೂಲ್ ಮೇಲೆ ಹತ್ಕೊಂಡು ಬಿಡತ್ತೆ. ಚಕ್ ಒಳಗೆ ಹೋಗೋ ಭಾಗವೂ ಸಾಕಷ್ಟಿರ್ಬೇಕು, ಜಾ ತುದೀಲಿ ನಾಲ್ಕೈದು ಎಂಎಂ ಕಚ್ಚಿಸಿ ದಪ್ಪ ಜಾಬ್ ತಿರುಗ್ಸೋದು ಅಪಾಯ.

ಟೂಲ್‌ಗೂ ಇದೇ ಮಾತು. ಟೂಲ್ ಪೋಸ್ಟ್‌ನಿಂದ ಟೂಲ್ ಉದ್ದಕ್ಕೆ ಚಾಚಿಕೊಂಡಿದ್ರೆ ಅದು ಸ್ಪ್ರಿಂಗ್ ತರ ಆಡತ್ತೆ, ಆಗ ಬರೋ ಕಿರ್‍ರ್ ಅನ್ನೋ ಸದ್ದಿಗೇ ಚಾಟರ್ ಅನ್ನೋದು. ಟೂಲ್‌ನ ದಪ್ಪಕ್ಕಿಂತ ಒಂದೂವರೆ ಪಟ್ಟು ಹೊರಗಿದ್ರೆ ಸಾಕು. ಕಾಂಪೌಂಡ್ ಕೂಡ ಅದರ ತಳ ಬಿಟ್ಟು ಮುಂದಕ್ಕೆ ಜೋತಾಡದ ಹಾಗೆ ಹಿಂದಕ್ಕೆ ಎಳ್ಕೊಳ್ಳಿ.

ಟೂಲ್ ಎತ್ತರ, ಇದರಲ್ಲೇ ಅರ್ಧ ಗೆಲುವು

ಟೂಲ್ ತುದಿ ಸ್ಪಿಂಡಲ್ ಸೆಂಟರ್‌ನ ಎತ್ತರದಲ್ಲಿ ಇರ್ಬೇಕು. ಮೇಲೆ ಇದ್ರೆ ಟೂಲ್‌ನ ಕೆಳಹೊಟ್ಟೆ ಜಾಬ್‌ಗೆ ಉಜ್ಜತ್ತೆ, ಕುಯ್ಯಲ್ಲ. ಕೆಳಗೆ ಇದ್ರೆ ಜಾಬ್ ಟೂಲ್‌ನ ಒಳಗೆಳ್ಕೊಳ್ಳೋಕೆ ನೋಡತ್ತೆ, ಸಣ್ಣ ಡಯಾದಲ್ಲಿ ಜಾಬ್ ಟೂಲ್ ಮೇಲೆ ಹತ್ತತ್ತೆ. ಎತ್ತರ ನೋಡೋಕೆ ಸುಲಭದ ದಾರಿ ತೆಳು ಸ್ಟೀಲ್ ಸ್ಕೇಲು. ಮಷಿನ್ ಆಫ್ ಇರ್ಬೇಕು. ಚಕ್‌ನಲ್ಲಿ ದುಂಡು ರಾಡ್ ಇಟ್ಟು, ರಾಡ್‌ಗೂ ಟೂಲ್ ತುದಿಗೂ ಮಧ್ಯ ಸ್ಕೇಲ್ ನಿಲ್ಸಿ, ಕ್ರಾಸ್ ಸ್ಲೈಡ್ ಮೆಲ್ಲಗೆ ಮುಂದಕ್ಕೆ ತಂದು ಸ್ಕೇಲ್ ಹಿಡ್ಕೊಳ್ಳೋಷ್ಟು ಮಾತ್ರ ಒತ್ತಿ. ಸ್ಕೇಲ್ ನೆಟ್ಟಗೆ ನಿಂತಿದ್ರೆ ಟೂಲ್ ಸೆಂಟರ್‌ನಲ್ಲಿದೆ. ಸ್ಕೇಲ್‌ನ ಮೇಲ್ತುದಿ ನಿಮ್ಮ ಕಡೆ ವಾಲಿದ್ರೆ ಟೂಲ್ ಕೆಳಗಿದೆ, ಆಚೆ ಕಡೆ ವಾಲಿದ್ರೆ ಮೇಲಿದೆ. ಜಾಸ್ತಿ ಒತ್ತಿದ್ರೆ ಕಾರ್ಬೈಡ್ (ತುಂಬ ಗಡಸು ಟೂಲ್ ವಸ್ತು) ತುದಿ ಒಡೆಯತ್ತೆ, ಹುಷಾರು.

ಇದು ಅಂದಾಜಿಗೆ. ಪಕ್ಕಾ ಮಾಡೋದು ಫೇಸಿಂಗ್‌ನಲ್ಲಿ, ಅಂದ್ರೆ ತುದಿಯ ಮುಖ ಸಮ ಮಾಡೋದ್ರಲ್ಲಿ. ರಾಡ್‌ನ ತುದಿನ ಹೊರಗಿಂದ ಮಧ್ಯದ ತನಕ ಫೇಸ್ ಮಾಡಿ ನೋಡಿ, ನಡುವಲ್ಲಿ ಸಣ್ಣ ಮೊಳೆ ಉಳೀತಾ? ಉಳಿದ್ರೆ ಎತ್ತರ ಸರಿ ಇಲ್ಲ. ಸಿಲಿಂಡರ್ ತರ ಚೊಕ್ಕ ಮೊಳೆ ನಿಂತಿದ್ರೆ ಟೂಲ್ ಕೆಳಗಿದೆ, ಉಜ್ಜಿ ತಳ್ಳಿದ ಹಾಗೆ ಗುಮ್ಮಟ ಆಗಿದ್ರೆ ಮೇಲಿದೆ. ಟೂಲ್ ಕೆಳಗೆ ತೆಳು ಶೀಟ್ ಪ್ಯಾಕಿಂಗ್ ಹಾಕಿ ಅಥವಾ ತೆಗೆದು, ಮೊಳೆ ಉಳಿಯದೇ ಮುಖ ಪೂರ್ತಿ ಸಾಪಾಗಿ ಬರೋ ತನಕ ಹೊಂದಿಸಿ. ಕ್ವಿಕ್ ಚೇಂಜ್ ಪೋಸ್ಟ್ ಇದ್ರೆ ಸ್ಕ್ರೂ ತಿರುಗಿಸಿದ್ರೆ ಆಯ್ತು, ಪ್ಯಾಕಿಂಗ್ ತಾಪತ್ರಯ ಇಲ್ಲ. ಪ್ಯಾಕಿಂಗ್ ಹಾಕೋದಾದ್ರೆ ಟೂಲ್‌ನ ಪೂರ್ತಿ ಉದ್ದಕ್ಕೆ ಬರೋ ಪಟ್ಟಿ ಹಾಕಿ, ಚೂರುಪಾರು ತುಂಡು ತುರುಕಿದ್ರೆ ಟೂಲ್ ಕೂತ ಹಾಗೆ ಕಾಣತ್ತೆ, ಕಟ್ ಬಿದ್ದಾಗ ಎದ್ದೇಳತ್ತೆ.

ಯಾವ ಟೂಲ್, ಯಾವ ಲೋಹ

ನನ್ನ ಕೇಳಿದ್ರೆ ಹೊಸಬರು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್‌ನಲ್ಲೇ ಶುರು ಮಾಡೋದು ಒಳ್ಳೇದು. ಕಾರ್ಬೈಡ್ ಇನ್ಸರ್ಟ್ (ಬದಲಾಯಿಸೋಕೆ ಬರೋ ತುದಿ) ಅನುಕೂಲ ನಿಜ, ಗ್ರೈಂಡಿಂಗ್ ಕಲೀಬೇಕಿಲ್ಲ, ಆದ್ರೆ ಅದಕ್ಕೆ ಸ್ಪೀಡ್ ಬೇಕು, ಗಟ್ಟಿ ಮಷಿನ್ ಬೇಕು, ಒಂದು ಮಟ್ಟದ ಕಟ್ ಆಳವೂ ಬೇಕು. ಮೂಗಿನ ರೇಡಿಯಸ್ 0.8 ಇರೋ ಇನ್ಸರ್ಟ್ ಹಾಕ್ಕೊಂಡು 0.03 ಎಂಎಂ ಕಟ್ ಕೊಟ್ರೆ ಅದು ಕುಯ್ಯೋ ಬದಲು ಉಜ್ಜತ್ತೆ. ಚೂಪಾದ ಎಚ್‌ಎಸ್‌ಎಸ್ ಅದೇ ಕಟ್ಟನ್ನ ಕೂದಲೆಳೆ ತರ ತೆಗೆದು ಕೊಡತ್ತೆ. ಅದೂ ಅಲ್ದೆ ಟೂಲ್ ನೀವೇ ಗ್ರೈಂಡ್ ಮಾಡ್ಕೊಂಡ್ರೆ ಕ್ಲಿಯರೆನ್ಸ್ (ಟೂಲ್ ಮೈ ಜಾಬ್‌ಗೆ ಉಜ್ಜದ ಹಾಗೆ ಕೊಡೋ ಓರೆ) ಅಂದ್ರೆ ಏನು, ರೇಕ್ (ಚಿಪ್ ಜಾರೋ ಮೇಲ್ಮುಖದ ಓರೆ) ಅಂದ್ರೆ ಏನು ಅನ್ನೋದು ಪುಸ್ತಕ ಇಲ್ದೆ ಅರ್ಥ ಆಗತ್ತೆ. ಮುಂದಕ್ಕೂ ಪಕ್ಕಕ್ಕೂ 8 ರಿಂದ 10 ಡಿಗ್ರಿ ಕ್ಲಿಯರೆನ್ಸು, ಎಂಎಸ್‌ಗೆ (ಮೈಲ್ಡ್ ಸ್ಟೀಲ್‌ಗೆ) ಮೇಲ್ಮುಖದಲ್ಲಿ ಪಕ್ಕಕ್ಕೆ ಇಳಿಯೋ ಹಾಗೆ ಸುಮಾರು 12 ಡಿಗ್ರಿ ರೇಕು, ತುದೀಲಿ ಸಣ್ಣ ರೇಡಿಯಸ್. ಅಲ್ಯೂಮಿನಿಯಂಗೆ ರೇಕ್ ಇನ್ನೂ ಜಾಸ್ತಿ ಬೇಕು, ಹಿತ್ತಾಳೆಗೆ ರೇಕ್ ಇಲ್ದೆ ಚಪ್ಪಟೆ ಇರ್ಲಿ, ಇಲ್ಲಾಂದ್ರೆ ಟೂಲ್ ತಾನೇ ಒಳಗೆ ನುಗ್ಗತ್ತೆ. ಗ್ರೈಂಡ್ ಮಾಡೋವಾಗ ಎಚ್‌ಎಸ್‌ಎಸ್ ಸ್ವಲ್ಪ ನೀಲಿ ತಿರುಗಿದ್ರೆ ಗಾಬರಿ ಬೇಡ, ಅದರ ಗಡಸುತನ ಅಷ್ಟು ಬೇಗ ಹೋಗಲ್ಲ. ಬಿಸಿ ಕಾರ್ಬೈಡ್‌ನ ಮಾತ್ರ ನೀರಿಗೆ ಅದ್ದಬೇಡಿ, ಬಿರುಕು ಬಿಡತ್ತೆ. ಕೊನೇಲಿ ಆಯಿಲ್ ಸ್ಟೋನ್ ಮೇಲೆ ಅಂಚನ್ನ ನಾಲ್ಕು ಸಲ ಎಳೀರಿ. ಚೂಪಾಗಿದೆಯಾ ಅಂತ ನೋಡೋಕೆ ಅಂಚನ್ನ ಹೆಬ್ಬೆರಳ ಉಗುರಿಗೆ ಮೆತ್ತಗೆ ತಾಗ್ಸಿ, ಜಾರಿದ್ರೆ ಮೊಂಡು, ಕಚ್ಚಿ ನಿಂತ್ರೆ ಚೂಪು.

ಕಲಿಯೋಕೆ ಲೋಹ ಆರಿಸೋದ್ರಲ್ಲೂ ಜನ ಎಡವ್ತಾರೆ. ಗುಜರಿಯಿಂದ ಯಾವುದೋ ಹಳೇ ಆಕ್ಸಲ್ ತಂದು ಅದರ ಮೇಲೆ ಕಲಿಯೋಕೆ ಹೋದ್ರೆ ತಪ್ಪು ಟೂಲ್‌ದಾ, ಕೈದಾ, ಲೋಹದ್ದಾ ಅಂತ ಗೊತ್ತೇ ಆಗಲ್ಲ. ಫ್ರೀ ಕಟಿಂಗ್ ಸ್ಟೀಲು, ಇಎನ್ 1ಎ ತರದ್ದು, ಇಲ್ಲ ಹಿತ್ತಾಳೆ, ಇಲ್ಲ 6061 ಅಲ್ಯೂಮಿನಿಯಂ ತಗೊಳ್ಳಿ. ಕಪ್ಪು ಸಿಪ್ಪೆ ಇರೋ ಹಾಟ್ ರೋಲ್ಡ್ ಎಂಎಸ್ ಸಿಕ್ಕಿದ್ರೆ ಮೊದಲ ಕಟ್ಟೇ ಸಿಪ್ಪೆಯ ಅಡಿಗೆ ಇಳಿಯೋ ಹಾಗೆ ಕೊಡಿ, ಸಿಪ್ಪೆ ಮೇಲೇ ಸವರ್ತಾ ಇದ್ರೆ ಟೂಲ್ ಬೇಗ ಮೊಂಡಾಗತ್ತೆ. ಬೀಡು ಕಬ್ಬಿಣದ ಹೊರಪದರಕ್ಕೂ ಹಂಗೇ.

ಸ್ಪೀಡ್ ಲೆಕ್ಕ ಬಾಯಲ್ಲೇ ಹಾಕ್ಬೋದು: ಕಟಿಂಗ್ ಸ್ಪೀಡ್‌ನ (ನಿಮಿಷಕ್ಕೆ ಎಷ್ಟು ಮೀಟರ್ ಅನ್ನೋದನ್ನ) 320 ರಿಂದ ಗುಣಿಸಿ, ಎಂಎಂನಲ್ಲಿರೋ ಡಯಾದಿಂದ ಭಾಗಿಸಿದ್ರೆ ಆರ್‌ಪಿಎಂ. ಎಚ್‌ಎಸ್‌ಎಸ್‌ನಲ್ಲಿ ಎಂಎಸ್‌ಗೆ ನಿಮಿಷಕ್ಕೆ 25 ಮೀಟರ್ ಇಟ್ಕೊಳ್ಳಿ, ಬೀಡಿಗೆ 20, ಹಿತ್ತಾಳೆಗೆ 50, ಅಲ್ಯೂಮಿನಿಯಂಗೆ 70 ಮೇಲೂ ಹೋಗ್ಬೋದು. 25 ಎಂಎಂ ಎಂಎಸ್ ರಾಡ್ ಅಂದ್ರೆ 320 ಆರ್‌ಪಿಎಂ, ಅದೇ 50 ಎಂಎಂ ಆದ್ರೆ 160. ಡಯಾ ಜಾಸ್ತಿ ಆದಷ್ಟೂ ನಿಧಾನ, ಇದಿಷ್ಟು ನೆನಪಿದ್ರೆ ಸಾಕು. ಕಾರ್ಬೈಡ್‌ಗೆ ಇದರ ಮೂರು ನಾಲ್ಕು ಪಟ್ಟು ಇಡ್ಬೋದು, ನಿಮ್ಮ ಚಕ್ ತಡ್ಕೊಳ್ಳೋ ಮಿತಿ ಮೀರ್ಬಾರ್ದು ಅಷ್ಟೇ. ಫೀಡು ರಫ್ ಕಟ್‌ಗೆ ಸುತ್ತಿಗೆ 0.15 ಎಂಎಂ ಆಸುಪಾಸು, ಫಿನಿಶ್‌ಗೆ 0.05 ರಿಂದ 0.1. ಸ್ಟೀಲ್‌ಗೆ ಕಟಿಂಗ್ ಆಯಿಲ್ ಬ್ರಷ್‌ನಲ್ಲಿ ಹಚ್ತಾ ಇರಿ, ಅಲ್ಯೂಮಿನಿಯಂಗೆ ಸೀಮೆಎಣ್ಣೆ ನಡ್ಯತ್ತೆ, ಹಿತ್ತಾಳೆ ಮತ್ತೆ ಬೀಡು ಒಣಗೇ ಸರಿ. ಎಚ್‌ಎಸ್‌ಎಸ್‌ನಲ್ಲಿ ಸ್ಟೀಲ್ ಚಿಪ್ಸ್ ತಿಳಿ ಹುಲ್ಲಿನ ಬಣ್ಣ ಬಂದ್ರೆ ಚೆನ್ನಾಗೇ ಓಡ್ತಿದೆ, ಗಾಢ ನೀಲಿ ಬರ್ತಿದ್ರೆ ಸ್ಪೀಡ್ ಇಳ್ಸಿ. ಕಾರ್ಬೈಡ್‌ನಲ್ಲಿ ನೀಲಿ ಬಂದ್ರೆ ಚಿಂತೆ ಇಲ್ಲ.

ಮೊದಲ ಜಾಬ್: 25 ಎಂಎಂ ರಾಡ್‌ನ 22ಕ್ಕೆ ಇಳಿಸೋದು

ಕಟ್ ಹಾಕೋಕೆ ಮುಂಚೆ ನಿಮ್ಮ ಕ್ರಾಸ್ ಸ್ಲೈಡ್ ಡಯಲ್ ಯಾವ ತರದ್ದು ಅಂತ ತಿಳ್ಕೊಳ್ಳಿ. ಕೆಲವು ಮಷಿನ್‌ನಲ್ಲಿ 0.10 ತಿರುಗ್ಸಿದ್ರೆ ಡಯಾ 0.10 ಕಮ್ಮಿ ಆಗತ್ತೆ, ಕೆಲವದ್ರಲ್ಲಿ ಟೂಲ್ 0.10 ಮುಂದೆ ಹೋಗತ್ತೆ, ಅಂದ್ರೆ ಡಯಾ 0.20 ಕಮ್ಮಿ. ಒಂದು ಕಟ್ ಹಾಕಿ ಅಳೆದು, ಹತ್ತು ಗೀಟು ಮುಂದೆ ಹೋಗಿ ಮತ್ತೊಂದು ಕಟ್ ಹಾಕಿ ಅಳೆದ್ರೆ ಉತ್ತರ ಸಿಗತ್ತೆ. ಆಮೇಲೆ ಪ್ಲೇ. ಹ್ಯಾಂಡಲ್ ಹಿಂದೆ ತಿರುಗ್ಸಿದಾಗ ಡಯಲ್ ಓಡತ್ತೆ, ಸ್ಲೈಡ್ ಅಲ್ಲೇ ಇರತ್ತೆ, ಸ್ಕ್ರೂ ನಟ್ ನಡುವಿನ ಸಡಿಲ ಅದು. ಎಲ್ಲ ಮಷಿನ್‌ನಲ್ಲೂ ಇರತ್ತೆ. ಅದಕ್ಕೇ ಅಳತೆಗೆ ಯಾವಾಗ್ಲೂ ಒಂದೇ ದಿಕ್ಕಿಂದ ಬನ್ನಿ. ಒಂದು ಗೀಟು ದಾಟಿ ಹೋದ್ರೆ ಒಂದೇ ಗೀಟು ವಾಪಸ್ ಬರೋದಲ್ಲ, ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬಂದು ನಿಲ್ಸಿ.

ಈಗ ರಾಡ್ 40 ಎಂಎಂ ಹೊರಗಿಟ್ಟು ಬಿಗಿ ಮಾಡಿ, ಚಕ್‌ನ ಕೈಲಿ ಒಂದು ಸುತ್ತು ತಿರುಗ್ಸಿ ಜಾ ಎಲ್ಲೂ ತಾಗಲ್ಲ ಅಂತ ನೋಡಿ. ಕ್ಯಾರೇಜ್‌ನ ಕಟ್ ಮುಗಿಯೋ ಜಾಗದ ತನಕ ಒಂದ್ಸಲ ಕೈಲಿ ಓಡಿಸಿ, ಟೂಲ್ ಪೋಸ್ಟ್ ಚಕ್‌ಗೆ ಬಡಿಯಲ್ಲ ತಾನೇ ಅಂತ ನೋಡ್ಕೊಳ್ಳಿ. ಮುಖ ಫೇಸ್ ಮಾಡಿ. ಮಷಿನ್ ಓಡ್ತಿರೋವಾಗ ಟೂಲ್ ತುದಿ ರಾಡ್ ಮೈಗೆ ಸಣ್ಣ ಗೀರು ಹಾಕೋ ತನಕ ತಂದು, ಕ್ಯಾರೇಜ್‌ನ ಬಲಕ್ಕೆ ಸರಿಸಿ, ಡಯಲ್ ಸೊನ್ನೆ ಮಾಡಿ. ಅಲ್ಲಿಂದ ಮೊದಲ ಕಟ್ ಹಾಕಿ 30 ಎಂಎಂ ಉದ್ದಕ್ಕೆ ಟರ್ನ್ ಮಾಡಿ. ಚಿಕ್ಕ ಮಷಿನ್ ಆದ್ರೆ ಡಯಾದಲ್ಲಿ 1 ಎಂಎಂ ಕಮ್ಮಿ ಆಗೋಷ್ಟು ಸಾಕು, ಸದ್ದು ಕೇಳಿ ಹೆಚ್ಚು ಮಾಡಿ. ಮಷಿನ್ ನಿಲ್ಸಿ ಅಳೀರಿ. ತಿರುಗೋ ಜಾಬ್‌ಗೆ ವರ್ನಿಯರ್ ಹಿಡಿಯೋರು ಇದಾರೆ, ವರ್ನಿಯರ್ ಹಾಳು, ಬೆರಳೂ ಹಾಳು.

22.60 ತನಕ ಹೀಗೆ ಬನ್ನಿ. ಉಳಿದಿರೋ 0.60ನ ಎರಡು ಸಮ ಕಟ್ ಮಾಡಿ, 0.30 ಒಂದು, 0.30 ಇನ್ನೊಂದು. ಮೊದಲನೇದು ಆದ್ಮೇಲೆ ಮೈಕ್ರೋಮೀಟರ್‌ನಲ್ಲಿ 22.30 ಬರ್ಬೇಕಿತ್ತು, ಬಂದಿದ್ದು 22.34 ಅನ್ಕೊಳ್ಳಿ. ಅಂದ್ರೆ ಈ ಟೂಲು, ಈ ಜಾಬು, ಈ ಆಳಕ್ಕೆ 0.04 ಹಿಂದೆ ಬೀಳ್ತಿದೆ. ಕೊನೇ ಕಟ್‌ಗೆ ಬೇಕಿರೋದು 0.34, ಡಯಲ್ ಈಗ ಇರೋ ಜಾಗದಿಂದ ಡಯಾದಲ್ಲಿ 0.34 ಮುಂದೆ ಇಟ್ರೆ, ಅಷ್ಟೇ ಹಿಂದೆ ಬೀಳೋದು ಈ ಸಲವೂ ಇರೋದ್ರಿಂದ, 22.00 ಹತ್ರ ಬಂದು ಕೂರತ್ತೆ... ಹಂಗಂತ ಕಣ್ಣು ಮುಚ್ಚಿ ಹಾಕ್ಬೇಡಿ, ಮೊದಲ ಕಟ್‌ನ ಸೊನ್ನೆ ಅಂದಾಜಲ್ಲೇ ತಪ್ಪಿತ್ತಾ ಅನ್ನೋ ಅನುಮಾನ ಇದ್ರೆ 0.30 ಮಾತ್ರ ಹಾಕಿ ಅಳೀರಿ, ಕಮ್ಮಿ ತೆಗೆದಿದ್ದನ್ನ ಮತ್ತೆ ತೆಗೀಬೋದು, ಜಾಸ್ತಿ ತೆಗೆದಿದ್ದನ್ನ ಅಂಟ್ಸೋಕೆ ಆಗಲ್ಲ. ಕೊನೇ ಎರಡು ಕಟ್ ಒಂದೇ ಅಳತೇಲಿ ಯಾಕೆ ಅಂದ್ರೆ ಬಾಗುವಿಕೆ ಎರಡರಲ್ಲೂ ಒಂದೇ ತರ ಇರ್ಲಿ ಅಂತ. 0.30 ಕಟ್ ಆದ್ಮೇಲೆ 0.02 ಕಟ್ ಹಾಕಿದ್ರೆ ಲೆಕ್ಕ ಎಲ್ಲೋ ಹೋಗತ್ತೆ.

ಬಿಸಿ ಇರೋವಾಗ ಅಳೀಬೇಡಿ. 25 ಎಂಎಂ ಸ್ಟೀಲ್ 40 ಡಿಗ್ರಿ ಬಿಸಿ ಜಾಸ್ತಿ ಆದ್ರೆ ಸುಮಾರು 0.012 ಎಂಎಂ ಉಬ್ಬಿರತ್ತೆ, ಅಲ್ಯೂಮಿನಿಯಂ ಆದ್ರೆ ಅದರ ಎರಡರಷ್ಟು. ಬೇರಿಂಗ್ ಕೂರಿಸೋ ಜಾಗದಲ್ಲಿ ಇದು ಸಣ್ಣ ವಿಷ್ಯ ಅಲ್ಲ.

ಟೈಲ್‌ಸ್ಟಾಕ್ ಸೆಂಟರ್ ಕೊಟ್ಟು ಉದ್ದ ಜಾಬ್ ಮಾಡಿದಾಗ ಒಂದು ತುದಿ ದಪ್ಪ ಬರ್ತಿದ್ರೆ ಟೈಲ್‌ಸ್ಟಾಕ್ ಪಕ್ಕಕ್ಕೆ ಸರಿದಿದೆ ಅಂತ. ಬಲ ತುದಿ ದಪ್ಪ ಇದ್ರೆ ಟೈಲ್‌ಸ್ಟಾಕ್‌ನ ನಿಮ್ಮ ಕಡೆ ಸರಿಸ್ಬೇಕು, ಸಣ್ಣ ಇದ್ರೆ ಆಚೆಗೆ. ಎರಡು ತುದಿಯ ಡಯಾ ವ್ಯತ್ಯಾಸ ಎಷ್ಟಿದೆಯೋ ಅದರ ಅರ್ಧ ಸರಿಸಿದ್ರೆ ಸಾಕು, ಡಯಲ್ ಗೇಜ್ ಇಟ್ಟು ಸರಿಸಿ.

ತೂತು ಹಾಕೋದು, ಕತ್ತರಿಸೋದು

ಡ್ರಿಲ್ ಮಾಡೋಕೆ ಮೊದ್ಲು ಸೆಂಟರ್ ಡ್ರಿಲ್, ನೇರ ದೊಡ್ಡ ಡ್ರಿಲ್ ಇಟ್ರೆ ಅದು ಅಲೆದಾಡತ್ತೆ. ಟೈಲ್‌ಸ್ಟಾಕ್‌ನ ಟೇಪರ್ ಒಳಗೆ ಡ್ರಿಲ್ ಚಕ್ ಹಾಕೋ ಮುಂಚೆ ಎರಡೂ ಕಡೆ ಒರೆಸಿ, ಒಂದು ಚೂರು ಚಿಪ್ ಇದ್ರೂ ಜಾರಿ ತಿರುಗಿ ಟೇಪರ್ ಗೀರಿ ಹಾಕತ್ತೆ. ಆಳದ ತೂತಾದ್ರೆ ಆಗಾಗ ಹೊರಗೆಳೆದು ಚಿಪ್ಸ್ ಕೊಡವಿ, ಆಯಿಲ್ ಹಾಕಿ.

ಪಾರ್ಟಿಂಗ್ (ಜಾಬ್‌ನ ಕತ್ತರಿಸಿ ಬೇರೆ ಮಾಡೋದು) ಅಂದ್ರೆ ಹೊಸಬರಿಗಷ್ಟೇ ಅಲ್ಲ, ಹಳಬರಿಗೂ ಎದೆ ಡವಡವ. ತೆಳು ಬ್ಲೇಡು, ಆಳದ ಸಂದು, ಸ್ವಲ್ಪ ಅಲ್ಲಾಡಿದ್ರೂ ಟಪ್ ಅಂತ ಮುರಿಯತ್ತೆ. ಮೇಲೆ ಹೇಳಿದ್ದೆಲ್ಲ ಇಲ್ಲಿ ಎರಡರಷ್ಟು ಕಟ್ಟುನಿಟ್ಟು: ಬ್ಲೇಡ್ ಸರಿಯಾಗಿ ಸೆಂಟರ್ ಎತ್ತರದಲ್ಲಿ, ಜಾಬ್‌ಗೆ ನೇರ 90 ಡಿಗ್ರಿಯಲ್ಲಿ, ಬೇಕಾದಷ್ಟೇ ಹೊರಗೆ, ಕತ್ತರಿಸೋ ಜಾಗ ಚಕ್‌ಗೆ ಆದಷ್ಟು ಹತ್ರ, ಕ್ಯಾರೇಜ್ ಲಾಕ್, ಟರ್ನಿಂಗ್ ಸ್ಪೀಡ್‌ನ ಅರ್ಧ, ಸ್ಟೀಲ್ ಆದ್ರೆ ಧಾರಾಳ ಆಯಿಲ್. ಇಷ್ಟೆಲ್ಲ ಮಾಡಿ ಆಮೇಲೆ ಹೆದರಿ ಹೆದರಿ ಫೀಡ್ ಕೊಡೋದೇ ದೊಡ್ಡ ತಪ್ಪು. ಬ್ಲೇಡ್ ಸುಮ್ನೆ ಉಜ್ಜತ್ತೆ, ಚಾಟರ್ ಶುರು ಆಗತ್ತೆ. ಒಂದೇ ಸಮ ಒತ್ತಿ, ಚಿಪ್ ಬಿಡದೆ ಬರ್ತಾ ಇರ್ಬೇಕು. ಚಾಟರ್ ಬಂದ್ರೆ ಸ್ಪೀಡ್ ಇಳ್ಸಿ, ಫೀಡ್ ಇಳ್ಸಬೇಡಿ. ಎರಡೂ ಕಡೆ ಸೆಂಟರ್‌ನಲ್ಲಿ ಹಿಡಿದ ಜಾಬ್‌ನ ಪಾರ್ಟಿಂಗ್ ಮಾಡಿ ಪೂರ್ತಿ ತುಂಡು ಮಾಡೋಕೆ ಹೋಗ್ಲೇಬೇಡಿ, ಕೊನೇಲಿ ಮಡಚಿಕೊಂಡು ಬ್ಲೇಡ್‌ನ ಕಚ್ಚತ್ತೆ. ಅಂಥ ಕಡೆ ಸ್ವಲ್ಪ ಉಳ್ಸಿ, ಹ್ಯಾಕ್ಸಾದಲ್ಲಿ ಕುಯ್ದು, ಮುಖ ಫೇಸ್ ಮಾಡಿ.

ಥ್ರೆಡ್ ಹಾಕೋ ಆಸೆ ಎಲ್ಲರಿಗೂ ಮೊದಲ ವಾರದಲ್ಲೇ ಬರತ್ತೆ. ಲೀಡ್ ಸ್ಕ್ರೂ (ಕ್ಯಾರೇಜ್ ಓಡಿಸೋ ಉದ್ದ ಸ್ಕ್ರೂ), ಗೇರು, ಹಾಫ್ ನಟ್ (ಕ್ಯಾರೇಜ್‌ನ ಆ ಸ್ಕ್ರೂಗೆ ಸೇರ್ಸೋ ನಟ್) ಇಟ್ಕೊಂಡು ಥ್ರೆಡ್ ಕುಯ್ಯೋದು ಬೇರೆ ದೊಡ್ಡ ಅಧ್ಯಾಯ. ಸದ್ಯಕ್ಕೆ ಸಣ್ಣ ಥ್ರೆಡ್‌ನ ಡೈನಲ್ಲಿ (ಥ್ರೆಡ್ ಕುಯ್ಯೋ ಅಚ್ಚಿನಲ್ಲಿ) ಹಾಕಿ, ಡೈ ಹಿಡಿಕೆಯನ್ನ ಟೈಲ್‌ಸ್ಟಾಕ್ ಮುಖಕ್ಕೆ ಆನಿಸಿ ಚಕ್‌ನ ಕೈಲಿ ತಿರುಗ್ಸಿದ್ರೆ ನೆಟ್ಟಗೆ ಬರತ್ತೆ. ಮಷಿನ್‌ನಲ್ಲೇ ಕುಯ್ಯೋಕೆ ಹೋಗೋದಾದ್ರೆ ಮೊದ್ಲು ಕಟ್ ಇಲ್ದೆ ಗಾಳಿಯಲ್ಲಿ ಓಡಿಸಿ ಹಾಫ್ ನಟ್ ಬಿಡೋದು, ಟೂಲ್ ಹಿಂದೆಳೆಯೋದು ಕೈಗೆ ಕೂರ್ಲಿ. ಮೆಟ್ರಿಕ್ ಥ್ರೆಡ್‌ನ ಆಳ ಪಿಚ್‌ನ (ಎರಡು ಎಳೆ ನಡುವಿನ ದೂರದ) 0.613 ರಷ್ಟು, ಅಂದ್ರೆ ಎಂ12ರ 1.75 ಪಿಚ್‌ಗೆ ಒಂದು ಕಡೆ 1.07 ಎಂಎಂ. ಇಂಚು ಲೀಡ್ ಸ್ಕ್ರೂ ಇರೋ ಮಷಿನ್‌ನಲ್ಲಿ ಮೆಟ್ರಿಕ್ ಹಾಕೋದಾದ್ರೆ ಹಾಫ್ ನಟ್ ಬಿಡ್ಲೇಬೇಡಿ, ಟೂಲ್ ಹಿಂದೆಳೆದು ಸ್ಪಿಂಡಲ್ ಉಲ್ಟಾ ಓಡಿಸಿ ವಾಪಸ್ ಬನ್ನಿ. ಚಕ್ ಸ್ಪಿಂಡಲ್‌ಗೆ ಥ್ರೆಡ್‌ನಲ್ಲಿ ಕೂತಿರೋ ಮಷಿನ್ ಆದ್ರೆ ಉಲ್ಟಾ ಓಡಿಸೋವಾಗ ಚಕ್ ಬಿಚ್ಕೊಳ್ಳೋ ಸಾಧ್ಯತೆ ಇದೆ, ಅಲ್ಲಿ ತುಂಬ ನಿಧಾನ ಮತ್ತೆ ಹಗುರ ಕಟ್, ಆಗ್ದಿದ್ರೆ ಕೈಲೇ ತಿರುಗ್ಸಿ.

ಚಕ್ ಬಿಚ್ಚೋವಾಗ ಬೆಡ್ ಮೇಲೆ ಒಂದು ಮರದ ಹಲಗೆ ಇಡಿ, ಕೈಜಾರಿ ಬಿದ್ರೆ ಬೆಡ್‌ಗೂ ಬೆರಳಿಗೂ ಅದೇ ಕಾವಲು. ಕೆಲಸ ಮುಗಿದ ಮೇಲೆ ಚಿಪ್ಸ್‌ನ ಬ್ರಷ್‌ನಲ್ಲಿ ಗುಡಿಸಿ, ಏರ್ ಹೊಡೀಬೇಡಿ, ಏರ್ ಹೊಡೆದ್ರೆ ಸಣ್ಣ ಚೂರೆಲ್ಲ ಸ್ಲೈಡ್ ಸಂದಿಗೆ ಹೋಗಿ ಕೂತು ಮೈ ಸವೆಸತ್ತೆ. ಒರೆಸಿ ಬೆಡ್‌ಗೆ ತೆಳುವಾಗಿ ಸ್ಲೈಡ್‌ವೇ ಆಯಿಲ್ ಹಚ್ಚಿ, ಕ್ಯಾರೇಜ್‌ನ ಟೈಲ್‌ಸ್ಟಾಕ್ ಕಡೆಗೆ ಒಂದ್ಸಲ ಪೂರ್ತಿ ಓಡಿಸಿ ಬಿಟ್ರೆ ಆಯಿಲ್ ಅಡಿಗೂ ಹೋಗತ್ತೆ.